ಕಲ್ಲಿಗೆ ರೆಕ್ಕೆ ಬಂದ ಊರು

ಒಂದು ನದಿ, ನದಿಯ ಮೇಲೊಂದು ಕಲ್ಲಿನ ಸೇತುವೆ, ಸೇತುವೆಯ ತುದಿಗೊಂದು ಊರು. ಊರಿಗೆ ಹೆಸರೂ ಇತ್ತು, ಆದರೆ ನಮಗೆ ಅದರ ಗೊಡವೆ ಬೇಡ. ಆ ಊರಿನ ಶಾಲೆಯಲ್ಲಿ ಬೇರೆಲ್ಲೂ ಇಲ್ಲದ ಒಂದು ನಿಯಮವಿತ್ತು. ಅಲ್ಲಿ ಯಾವ ಕೆಲಸಕ್ಕೂ ಮಾಡಿದವರು ಇರುವಂತಿರಲಿಲ್ಲ. ಮಳೆ ಬಂದ ಹಾಗೆ, ಬೆಳಕು ಹರಿದ ಹಾಗೆ, ಎಲ್ಲವೂ ತಾನೇ ತಾನಾಗಿ ಆಗಬೇಕಿತ್ತು.

ಶಾಲೆಯ ಬಾಗಿಲ ಮೇಲೆ ಆ ನಿಯಮವನ್ನು ಕೆತ್ತಿದ್ದರು. ಅಲ್ಲಲ್ಲ, ಕೆತ್ತಲ್ಪಟ್ಟಿತ್ತು. ನೋಡಿ, ಆ ಊರಿನ ಕಥೆ ಹೇಳುವಾಗ ನಾಲಿಗೆ ಹೀಗೆ ತೊಡರುತ್ತದೆ. ಬಾಗಿಲ ಮೇಲೆ ಇದ್ದದ್ದು ಇಷ್ಟು: "ಮಾಡಿದವರ ಹೆಸರು ಹೇಳಬಾರದು. ಯಾರು ಎಂದು ಕೇಳಬಾರದು. ಮಕ್ಕಳ ಮನಸ್ಸು ನೋಯಬಾರದು."

ಕೊನೆಯ ಮಾತು ಎಷ್ಟು ಚೆನ್ನಾಗಿದೆ ನೋಡಿ. ಮಕ್ಕಳ ಮನಸ್ಸು ನೋಯಲಿ ಎಂದು ಹೇಳುವವರುಂಟೇ? ಯಾರ ಮಕ್ಕಳ ಮನಸ್ಸು ಎಂದು ಕೇಳೋಣವೆಂದರೆ, ಹಾಗೆ ಕೇಳಕೂಡದು ಎಂಬುದು ಅದರ ಹಿಂದಿನ ಮಾತಿನಲ್ಲೇ ಇತ್ತು. ಹಿರಿಯರು ಜಾಣರು.

ನಿಯಮ ಹುಟ್ಟಿದ್ದು ಹೀಗೆ. ಬಹಳ ಹಿಂದೆ ಸೇತುವೆಯ ಮೇಲುದಂಡೆಯ ಒಂದು ಮಗು ಶಾಲೆಯಿಂದ ಬಂದು ಊಟಕ್ಕೆ ಕೂತಿತು, ತುತ್ತು ಕೈಯಲ್ಲಿ ಹಿಡಿದು ಅಪ್ಪನನ್ನು ಕೇಳಿತು: "ಸೇತುವೆ ಕಟ್ಟುವಾಗ ನಮ್ಮ ಮುತ್ತ್ಯಾನ ಕೈಯಾಗ ಹಗ್ಗ ಇತ್ತೋ, ಚಾಟಿ ಇತ್ತೋ?" ಅಪ್ಪ ಬಾಯಿ ಬಿಡಲಿಲ್ಲ. ಮಗು ತುತ್ತು ನುಂಗಲಿಲ್ಲ. ಮಗು ಉಪವಾಸ ಮಲಗಿತು ಎಂದು ಮನೆಯಿಂದ ಮನೆಗೆ ಸುದ್ದಿ ಹೋಯಿತು, ಹಿರಿಯರೆಲ್ಲ ಸೇರಿದರು, ಉತ್ತರ ಹುಡುಕುವುದಕ್ಕಿಂತ ಪ್ರಶ್ನೆಯನ್ನೇ ತೆಗೆದುಹಾಕುವುದು ಸುಲಭ ಎಂದು ಅವರಿಗೆ ಕಂಡಿತು. ಅಂದಿನಿಂದ ಶಾಲೆಯ ಹಿಂದಿನ ಗೋಡೆಗೆ ಒರಗಿ ಗಂಟೆಯವನೊಬ್ಬ ಕೂರತೊಡಗಿದ. ಯಾರದಾದರೂ ಬಾಯಿಂದ ಮಾಡಿದವರ ಹೆಸರು ಬಿತ್ತೋ, ಯಾರು ಎಂಬ ಮಾತು ಬಿತ್ತೋ, ಗಂಟೆ ಬಾರಿಸುವುದು ಅವನ ಕೆಲಸ. ಅಪ್ಪ ಸತ್ತರೆ ಮಗ ಬಂದು ಕೂರುತ್ತಿದ್ದ. ಗಂಟೆ ಮಾತ್ರ ಅದೇ ಇತ್ತು.

ಊರಿನಲ್ಲಿ ಎರಡು ಬಗೆಯ ಜನ. ಸೇತುವೆಯ ಮೇಲುದಂಡೆಗೆ ಮನೆ ಕಟ್ಟಿಕೊಂಡವರು ಬಿಸಿಲಿನವರು. ಸೇತುವೆಯ ಕಮಾನುಗಳ ಕೆಳಗೆ ಇದ್ದವರು ನೆರಳಿನವರು. ನೆರಳಿನವರ ಹಿಂದಿನವರನ್ನು ನೀರಿನ ಆಚೆಯಿಂದ ಹಗ್ಗ ಕಟ್ಟಿ ದೋಣಿಗಳಲ್ಲಿ ತಂದಿದ್ದರು. ಅವರ ಮೈಬಣ್ಣ ನೆರಳಿನ ಹಾಗೆ ಕಪ್ಪು, ಅದಕ್ಕೇ ಆ ಹೆಸರು ಎಂದು ಊರು ಹೇಳುತ್ತಿತ್ತು. ದಿನವಿಡೀ ಬಿಸಿಲಲ್ಲಿ ದುಡಿದವರನ್ನು ನೆರಳಿನವರೆಂದೂ, ನೆರಳಲ್ಲಿ ಕೂತು ದುಡಿಸಿದವರನ್ನು ಬಿಸಿಲಿನವರೆಂದೂ ಕರೆದ ಆ ಪುಣ್ಯಾತ್ಮನ ತಲೆಗೆ ಒಂದು ನಮಸ್ಕಾರ ಹಾಕಬೇಕು.

ವರ್ಷಕ್ಕೊಮ್ಮೆ, ನದಿಯ ನೀರು ಇಳಿದು ಕಂಬಗಳ ಬುಡ ಕಾಣುವ ಹೊತ್ತಿಗೆ, ಊರಿನಲ್ಲಿ ಒಪ್ಪಿಸುವ ದಿನ ಬರುತ್ತಿತ್ತು. ಶಾಲೆಯ ಮಕ್ಕಳೆಲ್ಲ ಬಿಳಿ ಬಟ್ಟೆ ತೊಟ್ಟು ಸೇತುವೆಯ ನಡುಮಧ್ಯ ನಿಂತು, ಊರ ಮುಂದೆ ಪಾಠ ಒಪ್ಪಿಸಬೇಕು. ಪಾಠ ತಲೆತಲಾಂತರದಿಂದ ಒಂದೇ.

ಕಲ್ಲು ಹೊರಲ್ಪಟ್ಟಿತು.
ಹಗ್ಗ ಎಳೆಯಲ್ಪಟ್ಟಿತು.
ಸೇತುವೆ ಕಟ್ಟಲ್ಪಟ್ಟಿತು.
ಊರು ಬೆಳಗಿತು.

ಮೇಲೆ ಮಕ್ಕಳು ಒಪ್ಪಿಸುತ್ತಿದ್ದರು, ಕೆಳಗೆ ಕಮಾನುಗಳಲ್ಲಿ ನೆರಳಿನವರು ಕೇಳುತ್ತಿದ್ದರು. ಪಾಠ ಮುಗಿದ ಮೇಲೆ ಬೆಲ್ಲ ಹಂಚಲ್ಪಡುತ್ತಿತ್ತು.

ಈಗ ನಮ್ಮ ಅಕ್ಕೋರ ವಿಷಯಕ್ಕೆ ಬರೋಣ. ಆ ಸೀಮೆಯಲ್ಲಿ ಪಾಠ ಹೇಳುವ ಹೆಂಗಸನ್ನು ಮಕ್ಕಳು ಅಕ್ಕೋರು ಎನ್ನುತ್ತಾರೆ. ಈ ಅಕ್ಕೋರು ಹುಟ್ಟಿದ್ದು ಕಮಾನಿನ ಕೆಳಗೆ. ನೆರಳಿನವರ ಮಕ್ಕಳಿಗೂ ಅಕ್ಷರ ಬೇಕು ಎಂದು ಅವರ ಸೋದರತ್ತೆ ಮತ್ತು ಅವಳ ವಾರಿಗೆಯವರು ಒಂದು ಕಾಲಕ್ಕೆ ಶಾಲೆಯ ಮೆಟ್ಟಿಲ ಮೇಲೆ ಕೂತು, ಬೈದರೂ ಏಳದೆ, ನೀರು ಸುರಿದರೂ ಏಳದೆ ಹಟ ಹಿಡಿದಿದ್ದರು. ಹಾಗೆ ತೆರೆದ ಬಾಗಿಲಿನಿಂದ ಒಳಹೋದ ಹುಡುಗಿ ಈಗ ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಕೆಳಗಿನವರಲ್ಲಿ ಅಂಥವರು ಅವರೊಬ್ಬರೇ. ಅವರೂ ಚಿಕ್ಕಂದಿನಲ್ಲಿ ಸೇತುವೆಯ ಮೇಲೆ ನಿಂತು "ಹೊರಲ್ಪಟ್ಟಿತು" ಎಂದು ಒಪ್ಪಿಸಿದವರೇ, ಬೆಲ್ಲ ತಿಂದವರೇ. ಆ ಬೆಲ್ಲದ ನೆನಪಾದರೆ ಅವರಿಗೆ ಈಗಲೂ ನಾಚಿಕೆಯಾಗುತ್ತಿತ್ತು.

ಒಂದು ದಿನ ಅಕ್ಕೋರು ಮಕ್ಕಳಿಗೆ ಚಿತ್ರ ಬರೆಯಲು ಹೇಳಿದರು. ಸೇತುವೆ ಕಟ್ಟುವ ಕಾಲದ ಚಿತ್ರ. ಮಕ್ಕಳು ನಾಲಿಗೆ ಕಚ್ಚಿಕೊಂಡು, ಮೂಗಿಗೆ ಸುಣ್ಣ ಬಳಿದುಕೊಂಡು, ತಂತಮ್ಮ ಹಲಗೆಯ ಮೇಲೆ ಬರೆದರು. ಅಕ್ಕೋರು ಒಂದೊಂದೇ ಹಲಗೆ ಎತ್ತಿ ನೋಡಿದರು. ಎಲ್ಲದರಲ್ಲೂ ನದಿ ಇತ್ತು, ಸೇತುವೆ ಇತ್ತು, ಸೂರ್ಯನಿದ್ದ. ಒಂದರಲ್ಲೂ ಮನುಷ್ಯರಿರಲಿಲ್ಲ. ಕಲ್ಲುಗಳು ನೆಲದಿಂದ ಎದ್ದು ತಾವಾಗಿಯೇ ಆಕಾಶಕ್ಕೆ ಹೋಗುತ್ತಿದ್ದವು. ಕಮಾನಿನ ಕೆಳಗಿನಿಂದ ಬರುವ ಒಬ್ಬ ಪುಟ್ಟ ಹುಡುಗಿ ತನ್ನ ಕಲ್ಲುಗಳಿಗೆ ಚೆಂದದ ರೆಕ್ಕೆ ಬರೆದಿದ್ದಳು.

"ಕಲ್ಲಿಗೆ ರೆಕ್ಕಿ ಯಾಕವ್ವ?" ಎಂದು ಅಕ್ಕೋರು ಕೇಳಿದರು.

"ಮತ್ತ ಹೆಂಗ ಮ್ಯಾಲ ಹೋಗ್ಬೇಕ್ರಿ ಅಕ್ಕೋರ? ಹೊತ್ತವರು ಇಲ್ಲಲ್ರಿ," ಎಂದಳು ಹುಡುಗಿ.

ಆ ಹುಡುಗಿಯ ಮುತ್ತಜ್ಜನ ಅಜ್ಜ ಅದೇ ಸೇತುವೆಯ ಕಂಬದ ಬುಡದಲ್ಲಿ, ಹೆಗಲ ಮೇಲೆ ಕಲ್ಲಿನ ಸಮೇತ ನೀರಿಗೆ ಹೋದವನು. ಕೆಳಗಿನ ಮುದುಕಿಯರು ಇವತ್ತಿಗೂ ಆ ಕಂಬಕ್ಕೆ ಕೈಮುಗಿಯುತ್ತಾರೆ. ಆ ವಂಶದ ಕೂಸು ಕಲ್ಲಿಗೆ ರೆಕ್ಕೆ ಬರೆದು, ಶಹಬ್ಬಾಸ್ ಎನ್ನಿಸಿಕೊಳ್ಳಲು ಮುಖ ನೋಡುತ್ತ ನಿಂತಿತ್ತು. ಅಕ್ಕೋರಿಗೆ ಇನ್ನು ತಡೆಯಲಾಗಲಿಲ್ಲ.

"ನಿಮ್ಮ ಮುತ್ತ್ಯಾಗೋಳು ಹೊತ್ತಾರವ್ವ," ಎಂದುಬಿಟ್ಟರು.

ಹಿಂದಿನ ಗೋಡೆಯಿಂದ ಗಂಟೆ ಮೊಳಗಿತು.

ಅಂದು ಶಾಲೆ ಬಿಟ್ಟ ಕೂಡಲೇ ದೊಡ್ಡ ಯಜಮಾನರಿಂದ ಕರೆ ಬಂತು. ಯಜಮಾನರು ಊರಿನ ಹಿರಿಯರಲ್ಲಿ ಹಿರಿಯರು, ನಿಯಮ ಅವರ ಮನೆತನದ ಕೂಸು. ಅವರು ಬೈಯುವವರಲ್ಲ. ಅಕ್ಕೋರನ್ನು ಕೂರಿಸಿ, ಮಜ್ಜಿಗೆ ತರಿಸಿ, ನಗುನಗುತ್ತ ಮಾತಾಡಿದರು.

"ನಾ ಏನು ಕೆಟ್ಟಾವ ಅಲ್ಲ ತಂಗಿ. ನಿಮ್ಮ ಮಕ್ಕಳನ್ನ ಶಾಲಿಗೆ ಬಿಟ್ಟಿದ್ದು ನಮ್ಮ ಮನಿ. ಆದ್ರ ಹಳೇದು ಕೆದರಿದ್ರ ಯಾರಿಗೆ ಏನು ಬಂತು? ನನ್ನ ಮೊಮ್ಮಗಳೂ ಅಲ್ಲೇ ಕೂಡ್ತಾಳ. ಅಕೀ ಊಟ ಬಿಟ್ರ ನೀ ಬಂದು ಉಣಸ್ತಿ ಏನು?"

ಅಕ್ಕೋರು ಮಜ್ಜಿಗೆಯ ಲೋಟ ಕೆಳಗಿಟ್ಟರು.

"ಇನ್ನೊಮ್ಮೆ ಗಂಟಿ ಆದ್ರ ನೀನೂ ಹೊರಗ, ನಿಮ್ಮ ಕೆಳಗಿನ ಮಕ್ಕಳೂ ಹೊರಗ. ನಾ ಅಲ್ಲ ಹೇಳೂದು, ನಿಯಮ ಹೇಳ್ತೈತಿ. ಮಜ್ಜಿಗಿ ಕುಡಿ, ಬಿಸಿಲಾಗ ಬಂದೀ," ಎಂದರು ಯಜಮಾನರು.

ಮಜ್ಜಿಗೆಗೆ ಒಗ್ಗರಣೆ ಬೇರೆ ಹಾಕಿದ್ದರು. ಅಕ್ಕೋರು ಅದನ್ನು ಹೇಗೋ ನುಂಗಿ, ಮೆಟ್ಟಿಲಿಳಿದು ಕಮಾನಿನ ಕೆಳಗೆ ಬಂದರು. ಸುಮ್ಮನಿದ್ದರೆ ಹುಡುಗಿ ಕಲ್ಲಿಗೆ ರೆಕ್ಕೆ ಬರೆಯುತ್ತ ದೊಡ್ಡವಳಾಗುತ್ತಾಳೆ. ಮಾತಾಡಿದರೆ ಹುಡುಗಿಗೆ ಹಲಗೆಯೇ ಇರುವುದಿಲ್ಲ. ಎರಡರ ನಡುವೆ ದಾರಿಯೇ ಕಾಣದೆ ಅವರು ಹೊಸ್ತಿಲ ಮೇಲೆ ಕೂತುಬಿಟ್ಟರು.

ಒಳಗೆ ಸೋದರತ್ತೆ ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು.

"ಬಂದಿ ಏನ?"

"ಬಂದೆ."

"ಉಂಡೀ?"

"ಇಲ್ಲ. ಮಜ್ಜಿಗಿ ಕುಡದೆ."

"ಅತ್ತೀ?"

ಅಕ್ಕೋರು ಮೂಗು ಒರೆಸಿಕೊಂಡರು. "ಅತ್ತೆ," ಎಂದರು.

ಅತ್ತೆ ಪಕ್ಕನೆ ನಕ್ಕಳು. "ನನ್ನ ಕರದಿ ಏನ, ಅತ್ತೆ ಅಂತ?" ಅಳುತ್ತಿದ್ದ ಅಕ್ಕೋರಿಗೂ ನಗು ಬಂತು. "ಇಲ್ಲಬೇ, ಅತ್ತೆ ಅಂದ್ರ, ಅಳು ಬಂದು ಅತ್ತೆ," ಎಂದು ಬಿಡಿಸಿ ಹೇಳಹೋದವರು, ಬಾಯಿ ತೆರೆದದ್ದು ತೆರೆದಂತೆಯೇ ನಿಂತರು.

ಅತ್ತೆ. ಯಾರು ಅತ್ತದ್ದು? ನಾನು. ನಾನು ಎಂದು ಹೇಳಿದೆನೇ? ಇಲ್ಲ. ಬಂದೆ, ಕುಡಿದೆ, ಅತ್ತೆ. ಒಂದರಲ್ಲೂ ನಾನು ಎಂಬ ಮಾತಿಲ್ಲ, ಆದರೂ ಒಂದೊಂದರಲ್ಲೂ ನಾನು ಕೂತಿದ್ದೇನೆ, ಮಾತಿನ ಬಾಲದಲ್ಲಿ. ಬಂದಳು ಎಂದರೆ ಬಂದದ್ದು ಹೆಣ್ಣು. ಬಂದರು ಎಂದರೆ ಹಲವರು. ಬಂದೆವು ಎಂದರೆ ನಾವು. ಹಿರಿಯರು ಹೆಸರನ್ನು ಹೊರಗಟ್ಟಿದ್ದರು, ಯಾರು ಎಂಬುದನ್ನು ಹೊರಗಟ್ಟಿದ್ದರು, ಬಾಗಿಲ ಮೇಲೆ ಕೆತ್ತಿಸಿದ್ದರು. ಬಾಲವನ್ನು ಮರೆತಿದ್ದರು. ದಿನಾ ಅದೇ ನುಡಿಯಲ್ಲಿ ಉಂಡು ಮಲಗುವವರಿಗೆ ಅದರ ಬಾಲ ಕಂಡಿರಲಿಲ್ಲ.

"ಏನಾತ, ಬಾಯಾಗ ನೊಣ ಹೋತೇನು?" ಎಂದಳು ಅತ್ತೆ.

ಅಕ್ಕೋರು ಎದ್ದು ಹೋಗಿ, ಹಿಟ್ಟಿನ ಕೈಯ ಅತ್ತೆಯನ್ನು ಬಾಚಿ ತಬ್ಬಿಕೊಂಡರು. ಅಷ್ಟು ಸಂತೋಷ ಅವರಿಗೆ ಬಹಳ ದಿನದಿಂದ ಆಗಿರಲಿಲ್ಲ.

ಮರುದಿನ ಶಾಲೆಯಲ್ಲಿ ಅಕ್ಕೋರು ಹಲಗೆಯ ಮುಂದೆ ನಿಂತು, ಕೈಕಟ್ಟಿಕೊಂಡು, ತಣ್ಣಗೆ ಹೇಳಿದರು: "ಕಲ್ಲು ಹೊತ್ತೆವು."

ಗಂಟೆಯವನ ಕಿವಿ ನೆಟ್ಟಗಾಯಿತು. ಅವನು ಗಂಟೆ ಎತ್ತಿದ. ಹೆಸರು ಎಲ್ಲಿದೆ ಎಂದು ಹುಡುಕಿದ. ಕಲ್ಲು ಇದೆ, ಹೊತ್ತದ್ದು ಇದೆ, ಹೆಸರಿಲ್ಲ. ಗಂಟೆಯನ್ನು ತೊಡೆಯ ಮೇಲಿಟ್ಟ.

"ಹಗ್ಗ ಎಳೆದೆವು."

ಮತ್ತೆ ಎತ್ತಿದ. ಮತ್ತೆ ಇಟ್ಟ. ಅವನು ನೀತಿವಂತ, ಸುಮ್ಮಸುಮ್ಮನೆ ಬಾರಿಸುವವನಲ್ಲ. ಎದ್ದು ನಿಂತು, "ಅಕ್ಕೋರ, ಎಳೆದೆವು ಅಂದ್ರ ಯಾ..." ಎಂದವನು ಥಟ್ಟನೆ ಬಾಯಿ ಮುಚ್ಚಿಕೊಂಡ. ಆ ಮಾತು ಪೂರ್ತಿ ಮಾಡಿದರೆ ತನಗೆ ತಾನೇ ಗಂಟೆ ಬಾರಿಸಿಕೊಳ್ಳಬೇಕು. ಮಕ್ಕಳು ಕಿಸಕ್ಕನೆ ನಕ್ಕರು. ಗಂಟೆಯವನು ತಲೆ ಕೆರೆದುಕೊಂಡು ಕೂತ.

"ಹೆಸರಿಲ್ಲ," ಎಂದು ಗೋಡೆಗೆ ಹೇಳಿದ. "ಹೆಸರಿಲ್ಲ ಅಂದ ಮ್ಯಾಲ ಗಂಟಿಗೆ ಕೆಲಸಿಲ್ಲ."

ಮಕ್ಕಳು ಅಂದರು: ಕಲ್ಲು ಹೊತ್ತೆವು. ಹಗ್ಗ ಎಳೆದೆವು. ಹೊಸ ಮಾತು ನಾಲಿಗೆಗೆ ಹಗುರಾಗಿತ್ತು. ಹಳೆಯ "ಲ್ಪಟ್ಟಿತು"ವಿನಲ್ಲಿ ಹಲ್ಲು ಬೀಳುವ ವಯಸ್ಸಿನವರು ತೊದಲುತ್ತಿದ್ದರು, ಇದರಲ್ಲಿ ತೊದಲುವವರಿಲ್ಲ. ರೆಕ್ಕೆ ಬರೆದಿದ್ದ ಹುಡುಗಿ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಅವಳ ದನಿ ತಗ್ಗಿತು. ಹೊತ್ತೆವು. ತನ್ನ ಹೆಗಲನ್ನು ತಾನೇ ಮುಟ್ಟಿ ನೋಡಿಕೊಂಡಳು. ಅಕ್ಕೋರು ಅದನ್ನು ನೋಡಿದರು. ಹುಡುಗಿ ಹಲಗೆ ತೆಗೆದುಕೊಂಡು ರೆಕ್ಕೆಗಳನ್ನು ಅಂಗೈಯಿಂದ ಒರೆಸಿ, ಒಂದೊಂದು ಕಲ್ಲಿನ ಕೆಳಗೆ ಒಬ್ಬೊಬ್ಬ ಮನುಷ್ಯನನ್ನು ಬರೆಯತೊಡಗಿದಳು.

ತೊಡಕು ಬಂದದ್ದು ಇನ್ನೊಂದು ಸಾಲಿನಿಂದ. ಅಲ್ಲಿ ಕೂತಿದ್ದ ಯಜಮಾನರ ಮೊಮ್ಮಗಳು ಎರಡು ಸಲ ಹೊತ್ತೆವು ಎಂದು, ಮೂರನೆಯದಕ್ಕೆ ಬಾಯಿ ಮುಚ್ಚಿದಳು.

"ಯಾಕವ್ವ, ಸುಮ್ನಾದಿ?" ಎಂದರು ಅಕ್ಕೋರು.

"ಇದು ನನ್ನ ಬಾಯಿಗೆ ಸರಿ ಬರವಲ್ತ್ರಿ ಅಕ್ಕೋರ. ನಮ್ಮ ಮನ್ಯಾಗ ನೀರಿನ ತಂಬಿಗಿ ಸೈತ ಹೊರೂದಿಲ್ರಿ."

ಹೇಳಬಹುದಾದ ಮಾತು ಅಕ್ಕೋರ ನಾಲಿಗೆಯ ತುದಿಯಲ್ಲೇ ಇತ್ತು, ಆದರೆ ಅದನ್ನು ಅವರ ಬಾಯಿಂದ ಹೇಳಿದರೆ ಅದು ಬೈಗುಳವಾಗುತ್ತಿತ್ತು. "ನಿನ್ನ ಬಾಯಿಗೆ ಸರಿ ಬರೂದು ಯಾವುದು ಅಂತ ನೀನ ಹುಡುಕವ್ವ. ಗಡಿಬಿಡಿ ಇಲ್ಲ," ಎಂದರು.

ಹುಡುಗಿ ಮನೆಗೆ ಹೋಗಿ ಕಿವಿಗೊಟ್ಟಳು. ಅಜ್ಜಿ ಹೇಳುತ್ತಿದ್ದಳು: ಇವತ್ತು ಹೋಳಿಗಿ ಮಾಡಿಸಿದೆ, ಹಾಸಿಗಿ ಒಗೆಸಿದೆ, ಅಂಗಳ ತೊಳೆಸಿದೆ. ಅಜ್ಜ ಹೇಳುತ್ತಿದ್ದರು: ಹೊಲ ಬಿತ್ತಿಸಿದೆ, ಭತ್ತ ಕುಟ್ಟಿಸಿದೆ. ಆ ಮನೆಯಲ್ಲಿ ಮಾಡಿದೆ ಎನ್ನುವವರೇ ಇರಲಿಲ್ಲ, ಎಲ್ಲರೂ ಮಾಡಿಸಿದವರೇ. ಹುಡುಗಿಗೆ ಅಂದು ರಾತ್ರಿಯ ಊಟದಲ್ಲಿ ಉಪ್ಪು ಜಾಸ್ತಿಯಾದಂತೆ ಅನ್ನಿಸಿತು. ಮರುದಿನ ಅವಳು ಎಲ್ಲರಿಗಿಂತ ಮೊದಲು ಶಾಲೆಗೆ ಬಂದು ಅಕ್ಕೋರ ಮುಂದೆ ನಿಂತಳು.

"ಸಿಕ್ಕಿತ್ರಿ. ಕಲ್ಲು ಹೊರಿಸಿದೆವು."

ಅಕ್ಕೋರು ಅವಳ ಪಕ್ಕ ಕೂತರು. "ಉಂಡೀ ಏನವ್ವ?" ಎಂದು ಮೆಲ್ಲಗೆ ಕೇಳಿದರು.

"ಹೊಟ್ಟ್ಯಾಗ ಒಂಥರಾ ಆತ್ರಿ. ಆದ್ರ ಉಂಡೆ. ಎರಡು ರೊಟ್ಟಿ ಉಂಡೆ," ಎಂದಳು ಹುಡುಗಿ. ಅಕ್ಕೋರು ಅವಳ ತಲೆಗೂದಲು ನೇವರಿಸಿದರು. ಇಷ್ಟು ವರ್ಷ ಊರು ಹೆದರಿಕೊಂಡು ಕೂತಿದ್ದು ಆ ಎರಡು ರೊಟ್ಟಿಗೆ.

ಒಪ್ಪಿಸುವ ದಿನ ಬಂತು. ನದಿ ಇಳಿದಿತ್ತು, ಕಂಬಗಳ ಬುಡ ಕಾಣುತ್ತಿತ್ತು. ಊರಿಗೆ ಊರೇ ಸೇತುವೆಯ ಮೇಲೆ ನೆರೆದಿತ್ತು. ಕೆಳಗೆ ಕಮಾನುಗಳಲ್ಲಿ ನೆರಳಿನವರು ಬಟ್ಟೆ ಒಗೆಯುವ ನೆಪದಲ್ಲಿ ಕೂತಿದ್ದರು. ಯಜಮಾನರು ರುಮಾಲು ಸುತ್ತಿಕೊಂಡು ಮುಂದಿನ ಪೀಠದ ಮೇಲೆ ಕೂತಿದ್ದರು, ಪಕ್ಕದಲ್ಲಿ ಅವರ ಹೆಂಡತಿ, ಅವರ ಮಗ್ಗುಲಿಗೆ ಗಂಟೆಯವನು. ಮಕ್ಕಳು ಎಲ್ಲಿ ನಿಂತರೂ ಅದೇ ಶಾಲೆ, ಅಲ್ಲಿ ಅದೇ ನಿಯಮ ಎಂದು ಗಂಟೆಯವನು ರೂಢಿಯಂತೆ ಸಾರಿದ. ಇವತ್ತು ಗಂಟೆ ಆದರೆ ನಾಳೆಯಿಂದ ಕೆಳಗಿನ ಒಂದು ಮಗುವೂ ಶಾಲೆಯ ಮೆಟ್ಟಿಲು ಹತ್ತುವಂತಿಲ್ಲ. ಅತ್ತೆ ಮತ್ತು ಅವಳ ಜೊತೆಯವರು ನೆನೆದು ನಡುಗುತ್ತ ಗಳಿಸಿದ್ದು ಒಂದು ಗಳಿಗೆಯಲ್ಲಿ ಹೋಗುತ್ತಿತ್ತು. ಅಕ್ಕೋರು ಮಕ್ಕಳ ಕಡೆ ನೋಡಿ ತಲೆಯಾಡಿಸಿದರು.

ಮಕ್ಕಳು ಎರಡು ಸಾಲಾಗಿ ಎದುರುಬದುರು ನಿಂತರು. ಕೆಳಗಿನ ಮಕ್ಕಳ ಸಾಲು ಮೊದಲು ಬಾಯಿ ತೆರೆಯಿತು.

"ಕಲ್ಲು ಹೊತ್ತೆವು."

ಮೇಲಿನ ಮಕ್ಕಳ ಸಾಲು ಹೇಳಿತು, "ಕಲ್ಲು ಹೊರಿಸಿದೆವು."

ನೆರೆದವರಲ್ಲಿ ಗುಜುಗುಜು ಎದ್ದಿತು. ಕೆಳಗೆ ಬಟ್ಟೆ ಬಡಿಯುವ ಸದ್ದು ನಿಂತಿತು.

"ಹಗ್ಗ ಎಳೆದೆವು."

"ಹಗ್ಗ ಎಳೆಸಿದೆವು."

"ಬಿಸಿಲಲ್ಲಿ ನಿಂತೆವು."

"ಬಿಸಿಲಲ್ಲಿ ನಿಲ್ಲಿಸಿದೆವು."

"ನೀರಿಗೆ ಬಿದ್ದೆವು."

ಮೇಲಿನ ಸಾಲು ಇಲ್ಲಿ ಒಂದು ಉಸಿರು ತಡೆಯಿತು. ಈ ಮಾತಿಗೆ ಜೋಡಿ ಹುಡುಕಲು ಅವರಿಗೆ ಬಹಳ ದಿನ ಹಿಡಿದಿತ್ತು. ಯಜಮಾನರ ಮೊಮ್ಮಗಳು ಗದ್ದ ಎತ್ತಿದಳು, ಎಲ್ಲರೂ ಅವಳ ಜೊತೆಗೆ ಹೇಳಿದರು.

"ದಂಡೆಯಲ್ಲಿ ನಿಂತು ನೋಡಿದೆವು."

ಯಾರೋ ಒಬ್ಬ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು. ಯಜಮಾನರ ಮುಖ ಕೆಂಪಾಗಿ, ಆಮೇಲೆ ಬಿಳಿಚಿತು. "ಬಾರಿಸೋ ಗಂಟಿ," ಎಂದರು.

"ಹೆಸರು ಬಂದಿಲ್ರಿ ಯಜಮಾನ್ರ," ಎಂದ ಗಂಟೆಯವನು. "ಹೊತ್ತದ್ದು ಐತಿ, ಹೊರಿಸಿದ್ದು ಐತಿ. ಹೆಸರು ಒಂದೂ ಇಲ್ಲ. ಎಲ್ಲಿಂದ ಬಾರಿಸ್ಲಿ?"

ಮಕ್ಕಳು ನಿಲ್ಲಿಸಿರಲಿಲ್ಲ.

"ಸೇತುವೆ ಕಟ್ಟಿದೆವು."

"ಸೇತುವೆ ಕಟ್ಟಿಸಿದೆವು."

"ಕಟ್ಟಿದೆವು."

"ಕಟ್ಟಿಸಿದೆವು."

ಕಟ್ಟಿದೆವು, ಕಟ್ಟಿಸಿದೆವು. ಆ ಸಣ್ಣ ಸ್ವರ ಕಲ್ಲಿನಿಂದ ಕಲ್ಲಿಗೆ ಹೋಗಿ, ಕಮಾನುಗಳಲ್ಲಿ ಸುತ್ತಿ ದೊಡ್ಡದಾಗಿ ತಿರುಗಿ ಬರುತ್ತಿತ್ತು. ಯಜಮಾನರಿಗೆ ಆ ಸದ್ದು ಸಹಿಸಲಾಗಲಿಲ್ಲ. ಜೀವಮಾನದಲ್ಲಿ ದನಿ ಎತ್ತದ ಮನುಷ್ಯ ಪೀಠದಿಂದ ಎದ್ದು ನಿಂತು, ಸೇತುವೆ ನಡುಗುವಂತೆ ಕೂಗಿದರು.

"ಯಾರು ಕಟ್ಟಿದ್ದು? ಯಾರು?"

ಗಂಟೆಯವನು ಯಜಮಾನರ ಮುಖ ನೋಡಿದ, ಅಕ್ಕೋರ ಮುಖ ನೋಡಿದ, ಕೈಯೊಳಗಿನ ಗಂಟೆ ನೋಡಿದ. ಅವನ ಅಪ್ಪ, ಅಪ್ಪನ ಅಪ್ಪ ಎಲ್ಲರೂ ಆ ಒಂದು ಕೆಲಸವನ್ನು ನಿಷ್ಠೆಯಿಂದ ಮಾಡಿದ್ದರು.

"ತಪ್ಪು ತಿಳೀಬ್ಯಾಡ್ರಿ ಯಜಮಾನ್ರ. ನಿಯಮ ನಿಮ್ಮ ಮನೀದ," ಎಂದು ಹೇಳಿ, ಗಂಟೆ ಬಾರಿಸಿದ.

ಅದರ ಸದ್ದು ಆರುವುದರೊಳಗೆ ಕೆಳಗಿನಿಂದ ಒಂದು ದನಿ ಬಂತು. ಮುದಿ ದನಿ. ಕೇಳಬಾರದ್ದನ್ನು ಕೇಳಿದ ಮೇಲೆ ಉತ್ತರ ಕೊಡದಿರುವುದು ಮರ್ಯಾದೆಯಲ್ಲ ಎನ್ನುವ ಹಾಗೆ, ನಿಧಾನವಾಗಿ, ಸ್ಪಷ್ಟವಾಗಿ ಬಂತು.

"ನಾವು."

ಅಕ್ಕೋರಿಗೆ ಅದು ಯಾರ ದನಿ ಎಂದು ಗೊತ್ತಾಯಿತು. ಪಕ್ಕದ ಕಮಾನಿನಿಂದ ಇನ್ನೊಂದು "ನಾವು" ಬಂತು, ಅದರಾಚೆಯಿಂದ ಮತ್ತೊಂದು. ಗಂಡಸರ ದನಿ, ಹೆಂಗಸರ ದನಿ, ತೊಟ್ಟಿಲ ಕೂಸನ್ನು ಎತ್ತಿಕೊಂಡವರ ದನಿ. ಸೇತುವೆಯ ಅಷ್ಟೂ ಕಮಾನು ನಾವು, ನಾವು ಎಂದಿತು. ಮೇಲೆ ನಿಂತವರ ಅಂಗಾಲಿಗೆ ಅದು ತಟ್ಟಿತು. ಅಕ್ಕೋರ ಕಣ್ಣಿಂದ ನೀರು ಹರಿಯಿತು, ಅವರು ಒರೆಸಿಕೊಳ್ಳಲಿಲ್ಲ.

ಯಜಮಾನರು ನಿಂತೇ ಇದ್ದರು. ಅವರ ಹೆಂಡತಿ ಕೈಹಿಡಿದು ಕೂರಿಸಿದಳು. "ಕೂಡ್ರಿ," ಎಂದಳು. "ಕಟ್ಟಿಸಿದ್ದು ಖರೇ ಐತಿ. ಖರೇ ಅಂದ್ರ ಸೇತುವಿ ಬೀಳೂದಿಲ್ಲ. ನೋಡ್ರಿ, ನಿಂತೈತಿ."

ನಿಜವಾಗಿಯೂ ನಿಂತಿತ್ತು. ಊರಿನ ಜನ ಒಬ್ಬೊಬ್ಬರೇ ಕಾಲ ಕೆಳಗಿನ ಕಲ್ಲನ್ನು ನೋಡಿಕೊಂಡರು. ಕೆಲವರು ಮುಖ ತಿರುಗಿಸಿ ಮನೆಗೆ ಹೋದರು, ಹೋಗಲಿ. ಹಲವರು ಹೋಗಲಿಲ್ಲ. ಆ ದಿನಕ್ಕೆ ಒಪ್ಪಿಸುವ ದಿನ ಎಂಬ ಹೆಸರು ಇಷ್ಟು ಕಾಲ ಸುಮ್ಮನೆ ಇತ್ತು. ಮಕ್ಕಳು ಪಾಠ ಒಪ್ಪಿಸಿ ಬೆಲ್ಲ ತಿಂದು ಹೋಗುತ್ತಿದ್ದರು. ಆ ವರ್ಷ ಮಕ್ಕಳು ಊರನ್ನು ಒಪ್ಪಿಸಿದರು.

ಆಮೇಲೆ ನಿಯಮ ಏನಾಯಿತು ಎನ್ನುತ್ತೀರಾ? ಮುರಿದವರು ಅದರ ಮನೆಯವರೇ ಆದ್ದರಿಂದ ಅದರ ಪರವಾಗಿ ಮಾತಾಡಲು ಯಾರಿಗೂ ಬಾಯಿರಲಿಲ್ಲ. ಬಾಗಿಲ ಮೇಲಿನ ಅಕ್ಷರಗಳನ್ನು ಕೆತ್ತಿ ತೆಗೆದರು. ತೆಗೆಯಲ್ಪಡಲಿಲ್ಲ, ತೆಗೆದರು. ತೆಗೆದವನು ಗಂಟೆಯವನು, ಅವನಿಗೆ ಬೇರೆ ಕೆಲಸವೂ ಇರಲಿಲ್ಲ.

ಅದು ಆಮೇಲಿನ ಮಾತು. ಆ ದಿನವೇ, ಮಕ್ಕಳು ಇನ್ನೂ ಸಾಲು ಬಿಟ್ಟಿರದ ಹೊತ್ತಿಗೆ, ಕೆಳಗಿನವರು ಮೆಟ್ಟಿಲು ಹತ್ತಿ ಬಂದರು. ಗುಡಿಸುವುದಕ್ಕಲ್ಲದೆ ಅವರು ಸೇತುವೆಯ ಮೇಲೆ ಬಂದದ್ದು ಅದೇ ಮೊದಲು. ಎಲ್ಲರಿಗಿಂತ ಹಿಂದೆ, ಮೊಣಕಾಲು ಹಿಡಿದುಕೊಂಡು, ಏದುಸಿರು ಬಿಡುತ್ತ ಸೋದರತ್ತೆ ಬಂದಳು. ಜನ ದಾರಿ ಬಿಟ್ಟರು. ಅವಳು ಯಾರನ್ನೂ ನೋಡಲಿಲ್ಲ. ಸೇತುವೆಯ ನಡುವೆ ಬಂದು, ಮಂಜುಗಣ್ಣು ಕಿರಿದು ಮಾಡಿಕೊಂಡು, ಬಗ್ಗಿ, ಕಟ್ಟೆಯ ಕಲ್ಲುಗಳ ಮೇಲೆ ಅಂಗೈ ಆಡಿಸುತ್ತ ಸಾಗಿದಳು. ಒಂದು ಕಡೆ ಅವಳ ಕೈ ನಿಂತಿತು. ಮತ್ತೊಮ್ಮೆ ಸವರಿದಳು.

"ಇಲ್ಲಿ ಬಾ," ಎಂದು ಅಕ್ಕೋರನ್ನು ಕರೆದಳು. "ಈ ಕಲ್ಲ ನೋಡು. ಸೊಟ್ಟ ಕುಂತೈತಿ."

ಅಕ್ಕೋರು ಬಗ್ಗಿ ನೋಡಿದರು. ಹೌದು, ಒಂದು ಕೂದಲೆಳೆಯಷ್ಟು ಸೊಟ್ಟ.

"ನಮ್ಮ ಮುತ್ತ್ಯಾಂದ ಕೆಲಸ," ಎಂದಳು ಅತ್ತೆ, ಸುತ್ತ ನಿಂತ ಊರಿಗೆಲ್ಲ ಕೇಳುವಂತೆ. "ನಮ್ಮ ಮನ್ಯಾಗ ಎಲ್ಲಾರದೂ ಎಡಗೈ. ನಮ್ಮವರು ಇಟ್ಟಿದ್ದೆಲ್ಲ ಹಿಂಗ ಸೊಟ್ಟ ಕೂಡ್ತೈತಿ."

ಹಾಗೆ ಹೇಳಿ ಅವಳು ಆ ಕಲ್ಲಿನ ಮೇಲೆ ಕೂತು, ಕಾಲು ನೀಡಿ, ಸೆರಗಿನಿಂದ ಗಾಳಿ ಹಾಕಿಕೊಂಡಳು.